ಲೋಹದ ದಣಿವು

ಮನುಷ್ಯನಿಗೆ ದಣಿವಾಗುತ್ತದೆ, ಗಾಡಿಗೆ ಹೂಡಿದ ಎತ್ತಿಗೂ ದಣಿವಾಗುತ್ತದೆ. ಆದರೆ ಗಾಡಿಯ ಅಚ್ಚಿಗೆ ದಣಿವಾಗುತ್ತದೆಂದು ಯಾರಾದರೂ ಹೇಳಿದರೆ ಅದನ್ನು ಕವಿಯ ಮಾತೆಂದು ಎಣಿಸಿ ನಾವು ನಕ್ಕು ಸುಮ್ಮನಾಗುತ್ತೇವೆ. ಅದು ಕವಿಯ ಮಾತಲ್ಲ, ಎಂಜಿನಿಯರುಗಳ ಮಾತು. ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಅವರು ಬಳಸಿಕೊಂಡು ಬಂದಿರುವ ಪರಿಭಾಷೆ. ಅನುಮಾನವಿದ್ದವರು ಮನೆಯಲ್ಲಿ ಒಂದು ತುಂಡು ತಂತಿಯನ್ನು ತೆಗೆದುಕೊಂಡು ನೋಡಬಹುದು. ಎರಡು ಕೈಯಿಂದಲೂ ಹಿಡಿದು ಎಷ್ಟು ಜಗ್ಗಿದರೂ ಅದು ಹರಿಯುವುದಿಲ್ಲ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಾಗಿಸಿದರೆ ಹೆಚ್ಚಿನ ಬಲಪ್ರಯೋಗವಿಲ್ಲದೆಯೇ ತಟ್ಟನೆ ಎರಡು ತುಂಡಾಗುತ್ತದೆ. ಒಂದೇ ಸಲದ ದೊಡ್ಡ ಭಾರವನ್ನು ತಾಳಿಕೊಂಡ ಲೋಹ ಸಾವಿರ ಸಲದ ಸಣ್ಣ ಭಾರಕ್ಕೆ ಸೋಲುತ್ತದೆ. ಇದೇ ಲೋಹದ ದಣಿವು. ಎತ್ತಿನ ದಣಿವಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಎತ್ತು ರಾತ್ರಿ ಮಲಗಿ ಎದ್ದರೆ ಚೇತರಿಸಿಕೊಳ್ಳುತ್ತದೆ. ಲೋಹಕ್ಕೆ ಆ ಭಾಗ್ಯವಿಲ್ಲ. ಒಮ್ಮೆ ಆದ ದಣಿವು ಅದರಲ್ಲಿ ಉಳಿದೇ ಹೋಗುತ್ತದೆ; ತೀರದ ಸಾಲದ ಬಡ್ಡಿಯಂತೆ ಬೆಳೆಯುತ್ತ ಹೋಗುತ್ತದೆ.

ಈ ಸಣ್ಣ ಸಂಗತಿಯನ್ನು ಜಗತ್ತು ಸರಿಯಾಗಿ ಕಲಿಯುವುದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1954ರಲ್ಲಿ ಇಂಗ್ಲೆಂಡಿನ ಒಂದು ಸರ್ಕಾರಿ ಪ್ರಯೋಗಶಾಲೆಯಲ್ಲಿ ಆ ಪಾಠ ನಡೆದ ಬಗೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಲೋಹದ ದಣಿವು ಮೊದಲು ಜನರ ಗಮನಕ್ಕೆ ಬಂದದ್ದು ರೈಲುಗಳ ಕಾಲದಲ್ಲಿ. 1842ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬಂಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ಅಚ್ಚುಗಳು ಏಕೆ ಮುರಿಯುತ್ತವೆಂದು ಮರುವರ್ಷವೇ ವಿಚಾರಮಾಡಿದ ಸ್ಕಾಟ್ಲೆಂಡಿನ ರ್‍ಯಾಂಕಿನ್, ಬಿರುಕು ಹುಟ್ಟುವುದು ಅಚ್ಚಿನ ದಪ್ಪ ಥಟ್ಟನೆ ಬದಲಾಗುವ ಮೂಲೆಯಲ್ಲಿ ಎಂಬುದನ್ನು ಗುರುತಿಸಿದನು. ಮುಂದೆ ಪ್ರಷ್ಯದ ರೈಲ್ವೆ ಎಂಜಿನಿಯರ್ ವೋಲರ್ ಅಚ್ಚುಗಳನ್ನು ಯಂತ್ರಕ್ಕೆ ಕೊಟ್ಟು, ಎಷ್ಟು ಭಾರಕ್ಕೆ ಎಷ್ಟು ಸುತ್ತು ಬಾಳುತ್ತವೆಂದು ವರ್ಷಗಟ್ಟಲೆ ಎಣಿಸಿದನು. 1920ರ ಸುಮಾರಿಗೆ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿದ್ದ ಗ್ರಿಫಿತ್ ಎಂಬ ತರುಣ, ಗಾಜಿನ ಕಡ್ಡಿಗಳನ್ನು ಮುರಿದು ನೋಡುತ್ತ, ಬಿರುಕೊಂದು ಯಾವಾಗ ಸುಮ್ಮನಿರುತ್ತದೆ, ಯಾವಾಗ ಓಡತೊಡಗುತ್ತದೆ ಎಂಬುದಕ್ಕೆ ಗಣಿತದ ಲೆಕ್ಕವನ್ನು ಕೊಟ್ಟನು. ಹೀಗೆ ವಿದ್ಯೆ ಇದ್ದೇ ಇತ್ತು. ಆದರೆ ಗ್ರಂಥದಲ್ಲಿರುವ ವಿದ್ಯೆ ಬೇಕಾದ ಹೊತ್ತಿಗೆ ಬೇಕಾದವನ ಕೈಗೆ ಬರುವುದೇ ಬೇರೆ ಮಾತು.

1949ರ ಜುಲೈ 27ರಂದು ಡಿ ಹ್ಯಾವಿಲೆಂಡ್ ಸಂಸ್ಥೆಯ ‘ಕಾಮೆಟ್’ ಮೊದಲ ಸಲ ಹಾರಿತು. 1952ರ ಮೇ 2ರಂದು ಅದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಪ್ರಯಾಣಿಕರನ್ನು ಹೊತ್ತು ಹೊರಟಾಗ ಜಗತ್ತಿನ ಮೊದಲ ಜೆಟ್ ಪ್ರಯಾಣ ಸೇವೆ ಆರಂಭವಾಯಿತು. ಜೆಟ್ ಎಂಜಿನ್ನು ಮಿತವಾಗಿ ಇಂಧನ ಉಣ್ಣಬೇಕಾದರೆ ಬಹು ಎತ್ತರದಲ್ಲಿ ಹಾರಬೇಕು. ಕಾಮೆಟ್ ಹಾರುತ್ತಿದ್ದದ್ದು 40 ಸಾವಿರ ಅಡಿಗಳವರೆಗೆ. ಅಲ್ಲಿ ಉಸಿರಾಡಲು ಗಾಳಿ ಸಾಲದು. ಆದುದರಿಂದ ವಿಮಾನದ ಒಡಲೊಳಗೆ ಗಾಳಿಯನ್ನು ಒತ್ತಿ ತುಂಬಬೇಕು. ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಅಂಗುಲಕ್ಕೆ 8¼ ಪೌಂಡಿನಷ್ಟು ಹೆಚ್ಚು; ಅಂದರೆ ಅಂಗೈಯಷ್ಟು ಅಗಲದ ಜಾಗದ ಮೇಲೆ ಒಬ್ಬ ಆಳು ನಿಂತಷ್ಟು ಭಾರ. ವಿಮಾನ ಮೇಲೇರಿದಾಗ ಅದರ ತೆಳ್ಳನೆಯ ಅಲ್ಯುಮಿನಿಯಂ ಚರ್ಮ ಉಬ್ಬುತ್ತದೆ, ಕೆಳಗಿಳಿದಾಗ ಇಳಿಯುತ್ತದೆ. ಪ್ರತಿ ಪ್ರಯಾಣಕ್ಕೂ ಕಮ್ಮಾರನ ತಿದಿಯಂತೆ ಒಂದು ಉಸಿರು. ಆ ಉಸಿರುಗಳ ಲೆಕ್ಕವೇ ಮುಂದಿನ ಕಥೆ.

ಸೇವೆ ಆರಂಭವಾಗಿ ಸರಿಯಾಗಿ ಒಂದು ವರ್ಷವಾದ ದಿನ, 1953ರ ಮೇ 2ರಂದು, ಕಲ್ಕತ್ತೆಯ ಡಮ್‌ಡಮ್ ನಿಲ್ದಾಣದಿಂದ ದೆಹಲಿಯ ಕಡೆಗೆ ಹೊರಟ ಕಾಮೆಟ್ಟೊಂದು ಕೆಲವೇ ನಿಮಿಷಗಳಲ್ಲಿ ಗುಡುಗುಮಳೆಯೊಳಗೆ ಒಡೆದು ಬಿದ್ದಿತು. ಅದರಲ್ಲಿದ್ದ 43 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವೈಶಾಖದ ಬಿರುಗಾಳಿ ಬಂಗಾಳಕ್ಕೆ ಹೊಸತಲ್ಲ. ನಮ್ಮ ದೇಶದಲ್ಲಿ ನಡೆದ ವಿಚಾರಣೆ, ಬಿರುಗಾಳಿಯ ಹೊಡೆತವೋ ಆ ಹೊಡೆತದಲ್ಲಿ ಚಾಲಕನು ವಿಮಾನವನ್ನು ಬಲವಾಗಿ ತಿರುಗಿಸಿದ್ದೋ ಕಾರಣವಾಗಿರಬೇಕೆಂದು ಹೇಳಿತು. ಆ ತೀರ್ಪು ಹಾಗೆಯೇ ಉಳಿದಿದೆ. ಅದನ್ನು ಅಲ್ಲಗಳೆಯಲು ಇಂದಿಗೂ ಆಧಾರವಿಲ್ಲ.

ಆದರೆ 1954ರ ಜನವರಿ 10ರಂದು ಬಿರುಗಾಳಿಯ ನೆಪ ಇರಲಿಲ್ಲ. ರೋಮಿನಿಂದ ಲಂಡನ್ನಿಗೆ ಹೊರಟ ಕಾಮೆಟ್ ಇಪ್ಪತ್ತು ನಿಮಿಷಗಳೊಳಗೆ ಎಲ್ಬಾ ದ್ವೀಪದ ಬಳಿ ಚೂರುಚೂರಾಗಿ ಸಮುದ್ರಕ್ಕೆ ಬಿದ್ದಿತು. ಸತ್ತವರು 35 ಮಂದಿ. ಕಾಮೆಟ್ಟುಗಳ ಹಾರಾಟವನ್ನು ನಿಲ್ಲಿಸಿದರು. ತಜ್ಞರು ಕೂಡಿ ಕುಳಿತು ಸಂಭವಿಸಬಹುದಾದ ಕಾರಣಗಳ ಪಟ್ಟಿ ಮಾಡಿದರು: ಎಂಜಿನ್ನಿಗೆ ಬೆಂಕಿ ಹತ್ತಿರಬಹುದು, ರೆಕ್ಕೆ ಅದುರಿರಬಹುದು. ಪಟ್ಟಿಯಲ್ಲಿದ್ದ ಒಂದೊಂದಕ್ಕೂ ಒಂದೊಂದು ತಿದ್ದುಪಡಿ ಮಾಡಿದರು. ಸಮುದ್ರದಿಂದ ಅವಶೇಷಗಳನ್ನು ಎತ್ತುವ ಕೆಲಸ ಇನ್ನೂ ನಡೆಯುತ್ತಲೇ ಇತ್ತು. ಕಾರಣ ಗೊತ್ತಾಗದೆಯೇ, ಹತ್ತು ವಾರಗಳ ಮೇಲೆ, ಮಾರ್ಚ್ 23ರಂದು ಹಾರಾಟ ಮತ್ತೆ ಆರಂಭವಾಯಿತು. ಹದಿನಾರನೆಯ ದಿನ, ಏಪ್ರಿಲ್ 8ರಂದು, ರೋಮಿನಿಂದ ಕೈರೋವಿಗೆ ಹೊರಟ ಇನ್ನೊಂದು ಕಾಮೆಟ್ ನೇಪಲ್ಸಿನ ದಕ್ಷಿಣಕ್ಕೆ ಸಮುದ್ರದ ಪಾಲಾಯಿತು. ಅದರಲ್ಲಿದ್ದವರು 21 ಮಂದಿ. ಅಲ್ಲಿನ ಕಡಲು ಬಹಳ ಆಳ. ವಿಮಾನದ ಒಡಲನ್ನು ಮೇಲಕ್ಕೆತ್ತುವ ಮಾತೇ ಇರಲಿಲ್ಲ.

ಆಗ ಪ್ರಶ್ನೆ ಫಾರ್ನ್‌ಬರೋಗೆ ಬಂತು. ಪ್ರಧಾನಿ ಚರ್ಚಿಲ್ಲರು ಹಣಕ್ಕಾಗಲಿ ಆಳುಗಳಿಗಾಗಲಿ ಲೆಕ್ಕ ನೋಡಬಾರದೆಂದರು. ಸಂಶೋಧನಾಲಯದ ನಿರ್ದೇಶಕರು 39 ವರ್ಷದ ಆರ್ನಲ್ಡ್ ಹಾಲ್. ಅವರ ಮುಂದೆ ಎರಡು ದಾರಿಗಳಿದ್ದುವು. ಒಂದು, ಎಲ್ಬಾದ ಕಡಲತಳದಿಂದ ಬರುತ್ತಿದ್ದ ಚೂರುಗಳನ್ನು ಮರದ ಚೌಕಟ್ಟಿನ ಮೇಲೆ ಒಂದೊಂದಾಗಿ ಜೋಡಿಸಿ, ಮುರಿದ ವಿಮಾನವನ್ನೇ ಸಾಕ್ಷಿ ಹೇಳಿಸುವುದು. ಇನ್ನೊಂದು, ಇದ್ದ ಕಾಮೆಟ್ಟೊಂದನ್ನು ತಂದು ಅದು ಸಾಯುವವರೆಗೆ ನೆಲದ ಮೇಲೆಯೇ ಹಾರಿಸುವುದು. ಹಾಲ್ ಎರಡನ್ನೂ ಹಿಡಿದರು.

ಎರಡನೆಯದು ಹೇಗೆ? ಇಡೀ ವಿಮಾನದ ಒಡಲನ್ನು ಒಂದು ದೊಡ್ಡ ನೀರಿನ ತೊಟ್ಟಿಯೊಳಗೆ ಇಳಿಬಿಟ್ಟರು. ರೆಕ್ಕೆಗಳು ಮಾತ್ರ ತೊಟ್ಟಿಯ ಎರಡು ಪಕ್ಕಗಳಿಂದ ಹೊರಚಾಚಿದ್ದುವು. ಒಡಲ ಒಳಗೂ ನೀರು, ಹೊರಗೂ ನೀರು. ಒಳಗಿನ ನೀರನ್ನು ಪಂಪಿನಿಂದ ಒತ್ತಿ, ಮತ್ತೆ ಬಿಟ್ಟು, ಪ್ರಯಾಣದ ಉಬ್ಬರ ಇಳಿತವನ್ನು ಕಲ್ಪಿಸಿದರು. ರೆಕ್ಕೆಗಳನ್ನು ಜಾಕುಗಳಿಂದ ಮೇಲಕ್ಕೂ ಕೆಳಕ್ಕೂ ಬಾಗಿಸಿ ಗಾಳಿಯ ಹೊಡೆತವನ್ನು ಕಲ್ಪಿಸಿದರು. ಗಂಟೆಗಟ್ಟಲೆಯ ಪ್ರಯಾಣ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಹಗಲೂ ರಾತ್ರಿಯೂ ಕೆಲಸ ನಡೆಯಿತು. ಗಾಳಿಯ ಬದಲು ನೀರೇಕೆ ಎಂದು ಓದುಗರು ಕೇಳಬಹುದು. ಒತ್ತಿದ ಗಾಳಿ ಬಂಧನದಲ್ಲಿರುವ ಮದ್ದು. ಒಂದು ಕಡೆ ಸೀಳು ಬಿಟ್ಟರೆ ಸಾಕು, ಇಡೀ ಒಡಲು ಬಾಂಬಿನಂತೆ ಸಿಡಿದು, ಮೊದಲು ಸೀಳಿದ್ದು ಎಲ್ಲಿ ಎಂಬ ಗುರುತೇ ಅಳಿಸಿಹೋಗುತ್ತದೆ. ನೀರು ಹೆಚ್ಚುಕಡಿಮೆ ಕುಗ್ಗುವುದಿಲ್ಲ. ಸೀಳು ಬಿಟ್ಟೊಡನೆ ಒತ್ತಡ ಇಳಿದು ಎಲ್ಲವೂ ಇದ್ದಲ್ಲಿಯೇ ನಿಲ್ಲುತ್ತದೆ. ಅಪರಾಧ ನಡೆದ ಜಾಗವನ್ನು ಕದಡದೆ ಕಾಯುವ ಉಪಾಯವಿದು.

ತೊಟ್ಟಿಗೆ ಇಳಿಸಿದ ವಿಮಾನ ಅದಕ್ಕೆ ಮುಂಚೆ ನಿಜವಾಗಿ 1221 ಸಲ ಹಾರಿತ್ತು. ತೊಟ್ಟಿಯಲ್ಲಿ ಅದು ಮತ್ತೆ 1836 ಸಲ ‘ಹಾರಿತು’. ಒಟ್ಟು 3057 ಆದಾಗ, ಜೂನ್ ತಿಂಗಳ ಕೊನೆಯ ವಾರದಲ್ಲಿ, ಒಡಲ ಮುಂಭಾಗದ ಒಂದು ಕಿಂಡಿಯ ಮೂಲೆಯಿಂದ ಬಿರುಕು ಹೊರಟು ಚರ್ಮ ಅಡಿಗಟ್ಟಲೆ ಸೀಳಿತು. ತಯಾರಕರ ಎಣಿಕೆಯಂತೆ ಅದು ಬಾಳಬೇಕಾಗಿದ್ದ ಆಯಸ್ಸು ಇದರ ಎಷ್ಟೋ ಪಟ್ಟು. ಎಲ್ಬಾದಲ್ಲಿ ಬಿದ್ದ ವಿಮಾನ ಹಾರಿದ್ದು 1290 ಸಲ. ನೇಪಲ್ಸಿನ ಬಳಿ ಬಿದ್ದದ್ದು 900 ಸಲ. ಒಂದೇ ಲೋಹದ ಎರಡು ತುಂಡುಗಳು ಒಂದೇ ದಿನ ದಣಿಯುವುದಿಲ್ಲ. ಒಂದು ಬೇಗ, ಒಂದು ತಡ. ಈ ಹೆಚ್ಚುಕಡಿಮೆಗೆ ಬೇಕಾದಷ್ಟು ಅವಕಾಶವನ್ನು ಬಿಟ್ಟಿರಲಿಲ್ಲ.

ಮೊದಲನೆಯ ದಾರಿಯೂ ಅಲ್ಲಿಗೇ ಬಂದು ಸೇರಿತು. ಸತ್ತವರ ದೇಹಗಳನ್ನು ಪರೀಕ್ಷಿಸಿದ ಇಟಲಿಯ ವೈದ್ಯರು ಶ್ವಾಸಕೋಶಗಳು ಒಡೆದಿದ್ದುದನ್ನು ಮೊದಲೇ ಗಮನಿಸಿದ್ದರು. ಒಡಲಿನ ಗಾಳಿ ಒಮ್ಮೆಗೇ ಹೊರನುಗ್ಗಿದ್ದರ ಗುರುತು ಅದು. ಬೇಸಿಗೆಯ ಕೊನೆಗೆ ಸಮುದ್ರದಿಂದ ಬಂದ ಮಾಡಿನ ತುಂಡೊಂದರಲ್ಲಿ, ರೇಡಿಯೋ ಉಪಕರಣಕ್ಕಾಗಿ ಬಿಟ್ಟಿದ್ದ ಕಿಂಡಿಯ ಮೂಲೆಯ ಹತ್ತಿರ, ದಣಿವಿನ ಬಿರುಕಿನ ಕುರುಹು ಕಾಣಿಸಿತು. ರ್‍ಯಾಂಕಿನ್ 1843ರಲ್ಲಿ ಅಚ್ಚಿನಲ್ಲಿ ಕಂಡದ್ದು ಮೂಲೆ. ಇಲ್ಲಿ ಕಂಡದ್ದೂ ಮೂಲೆ.

ಹಾಗಾದರೆ ತಯಾರಕರು ಪರೀಕ್ಷೆಯನ್ನೇ ಮಾಡಿರಲಿಲ್ಲವೆ? ಮಾಡಿದ್ದರು. ಅವರು ಪರೀಕ್ಷಿಸಿದ ಒಡಲಿನ ಭಾಗ 16 ಸಾವಿರಕ್ಕೂ ಮಿಕ್ಕ ಉಸಿರುಗಳನ್ನು ತಾಳಿಕೊಂಡಿತ್ತು. ಮೋಸ ಇದ್ದದ್ದು ಬೇರೆ ಕಡೆ. ಅದೇ ತುಂಡನ್ನು ಅದಕ್ಕೆ ಮುಂಚೆ, ಗಟ್ಟಿತನವನ್ನು ನೋಡುವುದಕ್ಕಾಗಿ, ಎರಡರಷ್ಟು ಒತ್ತಡಕ್ಕೆ ಗುರಿಮಾಡಿದ್ದರು. ಆ ಒತ್ತಡದಲ್ಲಿ ಮೂಲೆಗಳ ಲೋಹ ತುಸು ಹಿಗ್ಗಿ ಹಾಗೆಯೇ ನಿಂತು, ಮುಂದಿನ ದಣಿವಿಗೆ ತಡೆಯಾಗಿ ಪರಿಣಮಿಸಿತ್ತು. ಪ್ರಯಾಣಿಕರನ್ನು ಹೊರುವ ವಿಮಾನಗಳಿಗೆ ಆ ರಕ್ಷೆ ಇರಲಿಲ್ಲ. ಪಾಠ ಹೇಳುವವನಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ: ಪ್ರಶ್ನೆಪತ್ರಿಕೆಯನ್ನು ಮೊದಲೇ ಕಂಡ ಹುಡುಗನ ಅಂಕಗಳಿಂದ ಇಡೀ ತರಗತಿಯ ಯೋಗ್ಯತೆಯನ್ನು ಅಳೆದಂತಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಲೆಕ್ಕ ಸುಳ್ಳಾಗಿತ್ತು.

1954ರ ಅಕ್ಟೋಬರಿನಲ್ಲಿ ಲಾರ್ಡ್ ಕೊಹೆನ್ನರ ಮುಂದೆ ಬಹಿರಂಗ ವಿಚಾರಣೆ ನಡೆದು, ಮರುವರ್ಷದ ಫೆಬ್ರವರಿಯಲ್ಲಿ ವರದಿ ಹೊರಬಂದಿತು. ಎಲ್ಬಾದ ದುರಂತಕ್ಕೆ ಲೋಹದ ದಣಿವೇ ಕಾರಣವೆಂದೂ, ನೇಪಲ್ಸಿನದಕ್ಕೆ ಅವಶೇಷಗಳ ಸಾಕ್ಷ್ಯವಿಲ್ಲದಿದ್ದರೂ ಅದೇ ವಿವರಣೆ ಹೊಂದುತ್ತದೆಂದೂ ಅದು ಹೇಳಿತು. ನಡುವೆ ಹಾರಾಟವನ್ನು ಮತ್ತೆ ಆರಂಭಿಸಿದ್ದಕ್ಕಾಗಿ ಯಾರನ್ನೂ ದೂಷಿಸಲಿಲ್ಲ. ನ್ಯಾಯದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ತಮಗೆ ತಿಳಿದದ್ದನ್ನೆಲ್ಲ ಅವರು ಮಾಡಿದ್ದರು. ಆದರೂ ಆ 21 ಮಂದಿಯ ನೆನಪಾದಾಗ ಮನಸ್ಸು ಒಪ್ಪುವುದಿಲ್ಲ. ಊಹಿಸಿದ ಕಾರಣಗಳಿಗೆಲ್ಲ ಮದ್ದು ಮಾಡುವುದು ಒಂದು. ಕಾರಣವನ್ನು ತಿಳಿಯುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿದ ಹದಿನಾರು ದಿನಗಳ ಫಲ ಅದು.

ಕಾಮೆಟ್ಟಿಗೆ ಸಿಕ್ಕಿದ್ದ ಮುನ್ನಡೆ ಕೈತಪ್ಪಿತು. ತಿದ್ದಿ ಕಟ್ಟಿದ ಹೊಸ ಕಾಮೆಟ್ 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ದಾಟಿತೇನೋ ನಿಜ. ಅದೇ ತಿಂಗಳು ಅಮೆರಿಕದ ಬೋಯಿಂಗ್ 707 ಕೂಡ ಸೇವೆಗೆ ಇಳಿಯಿತು, ಪೇಟೆ ಅದರ ಪಾಲಾಯಿತು. ಆದರೆ ಫಾರ್ನ್‌ಬರೋದ ವಿದ್ಯೆ ಯಾರೊಬ್ಬರ ಸೊತ್ತಾಗಿ ಉಳಿಯಲಿಲ್ಲ. ಎಲ್ಲ ದೇಶದವರೂ ಅದನ್ನು ಓದಿ ಕಲಿತರು. ಅದೇ ದಶಕದಲ್ಲಿ ವಾಷಿಂಗ್ಟನ್ನಿನ ನೌಕಾ ಪ್ರಯೋಗಾಲಯದ ಅರ್ವಿನ್, ಗ್ರಿಫಿತ್ತನ ಗಾಜಿನ ಲೆಕ್ಕವನ್ನು ಲೋಹಗಳಿಗೂ ಒಗ್ಗಿಸಿದರು. ಮೆಲ್ಬರ್ನಿನ ಸರ್ಕಾರಿ ವಿಮಾನ ಪ್ರಯೋಗಾಲಯದಲ್ಲಿದ್ದ ಡೇವಿಡ್ ವಾರನ್ ಎಂಬ ರಸಾಯನಶಾಸ್ತ್ರಜ್ಞರು, ಕಾಮೆಟ್ಟಿನ ಚರ್ಚೆಯಲ್ಲಿ ಕುಳಿತಿದ್ದಾಗ, ಸತ್ತ ವಿಮಾನದ ಕೊನೆಯ ಮಾತುಗಳನ್ನು ಹಿಡಿದಿಡುವ ಯಂತ್ರವೊಂದಿದ್ದರೆ ಎಷ್ಟು ಅನುಕೂಲ ಎಂದು ಯೋಚಿಸಿದರು. ಇಂದು ‘ಕಪ್ಪು ಪೆಟ್ಟಿಗೆ’ ಎಂದು ಕರೆಯುವ, ಬಣ್ಣದಲ್ಲಿ ಕಿತ್ತಳೆಯಾಗಿರುವ ಉಪಕರಣ ಹುಟ್ಟಿದ್ದು ಹಾಗೆ. ಈ ಮೂವರೂ ಸರ್ಕಾರದ ಸಂಬಳದವರು. ವಿಮಾನ ಮಾರುವ ಆತುರವಾಗಲಿ ಟಿಕೆಟ್ಟು ಮಾರುವ ಆತುರವಾಗಲಿ ಅವರಿಗೆ ಇರಲಿಲ್ಲವೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿಯೂ 1959ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ದೆಹಲಿಯಲ್ಲಿ ಹುಟ್ಟಿ, ಮರುವರ್ಷ ಬೆಂಗಳೂರಿಗೆ ಬಂದಿತು. ಅದರ ಮೊದಲ ಬಿಡಾರ ಜಯಮಹಲಿನಲ್ಲಿದ್ದ ಮೈಸೂರು ಮಹಾರಾಜರ ಕುದುರೆಲಾಯ. ನೀಲಕಂಠನ್ ಅವರ ತರುವಾಯ, 1965ರಲ್ಲಿ, ಅದರ ನಿರ್ದೇಶಕರಾದ ವಲ್ಲೂರಿಯವರು ಅಮೆರಿಕದಲ್ಲಿದ್ದಾಗ ಸಂಶೋಧನೆ ನಡೆಸಿದ್ದ ವಿಷಯ ಬೇರೆ ಯಾವುದೂ ಅಲ್ಲ, ಲೋಹದ ದಣಿವೇ. ಕುದುರೆಗಳು ದಣಿವಾರಿಸಿಕೊಂಡ ಲಾಯದಿಂದ ಹೊರಟ ಪ್ರಯೋಗಾಲಯಕ್ಕೆ, ದಣಿವಾರದ ಲೋಹವನ್ನು ಬಲ್ಲವರು ಯಜಮಾನರಾದದ್ದು ಆಕಸ್ಮಿಕವಿರಬಹುದು, ಉಚಿತವಂತೂ ಹೌದು.

ಇಂತಹ ಪ್ರಯೋಗಾಲಯಗಳಿಗೆ ತೆರಿಗೆಯ ಹಣವನ್ನು ಸುರಿದರೆ ಏನು ಬಂತು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಕಣ್ಣಿಗೆ ಕಾಣುವಂಥದಲ್ಲ. ಮುಂದೆ ಯಾವಾಗಲಾದರೂ ವಿಮಾನದಲ್ಲಿ ಕಿಟಕಿಯ ಪಕ್ಕದ ಆಸನ ಸಿಕ್ಕಿದರೆ, ಹೊರಗಿನ ಮೋಡಗಳನ್ನು ನೋಡುವ ಮುಂಚೆ ಒಂದು ಗಳಿಗೆ ಆ ಕಿಟಕಿಯ ಅಂಚನ್ನೇ ನೋಡಿ. ಅದಕ್ಕೆ ಚೂಪಾದ ಮೂಲೆಗಳಿರುವುದಿಲ್ಲ.