ಕಾಗಿನೆಲೆಯ ಕನಕದಾಸರು: ಸೋಲು ಶಕ್ತಿಯಾದ ಬಗೆ

ಬ್ಯಾಡಗಿಯ ಮೆಣಸಿನಕಾಯಿಯನ್ನು ಅರಿಯದ ಅಡಿಗೆಮನೆ ನಮ್ಮ ನಾಡಿನಲ್ಲಿ ಅಪರೂಪ. ಮೆಣಸಿನಕಾಯಿ ಎಂದ ಮೇಲೆ ಖಾರವಾಗಿರಬೇಕು, ಮೈ ನುಣುಪಾಗಿರಬೇಕು ಎಂದು ಎಣಿಸುವುದಾದರೆ ಈ ಕಾಯಿ ಎರಡರಲ್ಲಿಯೂ ಹಿಂದೆಯೇ ಸರಿ. ಖಾರ ಕಡಿಮೆ; ಮೈಯೆಲ್ಲ ಸುಕ್ಕು. ಆದರೆ ಖಾರ ಕಡಿಮೆಯಾದುದರಿಂದಲೇ ಸಾರಿಗೆ ನಾಲ್ಕು ಕಾಯಿ ಹೆಚ್ಚಾಗಿ ಹಾಕಬಹುದು. ಹಾಕಿದಷ್ಟೂ ಕೆಂಪು ಏರುತ್ತದೆ. ಆ ಬಣ್ಣಕ್ಕಾಗಿಯೇ ಇದಕ್ಕೆ ದೂರದೂರದಿಂದ ಬೇಡಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕೊರತೆ ಎಂದು ತೋರುವುದು ಕೆಲವೊಮ್ಮೆ ಗುಣದ ಇನ್ನೊಂದು ಮುಖವಾಗಿರುತ್ತದೆ ಎಂಬುದಕ್ಕೆ ಇದೊಂದು ಮನೆಯೊಳಗಿನ ನಿದರ್ಶನ.

ಇದೇ ಬ್ಯಾಡಗಿ ತಾಲ್ಲೂಕಿಗೆ ಸೇರಿದ ಊರು ಕಾಗಿನೆಲೆ. ಆ ಊರಿನ ಹೆಸರು ಕಿವಿಗೆ ಬಿದ್ದೊಡನೆ ಕನಕದಾಸರ ನೆನಪು ಬಾರದ ಕನ್ನಡಿಗನಿಲ್ಲ. ಅವರನ್ನು ನಾವು ಭಕ್ತರೆಂದು ಪೂಜಿಸುತ್ತೇವೆ, ಕವಿಗಳೆಂದು ಓದುತ್ತೇವೆ, ಕೀರ್ತನಕಾರರೆಂದು ಹಾಡುತ್ತೇವೆ. ಇವುಗಳಿಗೆಲ್ಲ ಮೊದಲು ಅವರು ಸೋತ ಮನುಷ್ಯರಾಗಿದ್ದರು ಎಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಆ ಸೋಲನ್ನು ಅವರು ಏನು ಮಾಡಿಕೊಂಡರು ಎಂಬುದು ವಿಚಾರಿಸತಕ್ಕ ಸಂಗತಿ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಾಡ ಅವರ ಹುಟ್ಟೂರು. ತಂದೆ ಬೀರಪ್ಪನಾಯಕ, ತಾಯಿ ಬಚ್ಚಮ್ಮ. ತಿರುಪತಿಯ ತಿಮ್ಮಪ್ಪನ ವರದಿಂದ ಹುಟ್ಟಿದ ಮಗನೆಂದು ತಂದೆತಾಯಿ ಇಟ್ಟ ಹೆಸರು ತಿಮ್ಮಪ್ಪ. ಕುಲ ಕುರುಬರದು, ಮನೆತನ ನಾಯಕರದು. ಕಾಲ 16ನೆಯ ಶತಮಾನ, ವಿಜಯನಗರದ ವೈಭವ ತುಂಬಿ ತುಳುಕುತ್ತಿದ್ದ ಕಾಲ. ಬಂಕಾಪುರದ ಸೀಮೆಯಲ್ಲಿ ತಿಮ್ಮಪ್ಪನಾಯಕರಿಗೆ ಅಧಿಕಾರವಿತ್ತು, ದಂಡಿತ್ತು. ನೆಲದಲ್ಲಿ ಹೊನ್ನಿನ ನಿಧಿ ಸಿಕ್ಕಿತೆಂದೂ ಅದನ್ನು ಕೈಬಿಚ್ಚಿ ಹಂಚಿದುದರಿಂದ ಜನ ಅವರನ್ನು ಕನಕನಾಯಕ ಎಂದು ಕರೆದರೆಂದೂ ಹೇಳುವುದುಂಟು.

ಐತಿಹ್ಯದ ಮುಂದಿನ ಭಾಗ ನಮಗೆ ಮುಖ್ಯವಾದುದು. ಆದಿಕೇಶವನು ಕನಸಿನಲ್ಲಿ ಬಂದು ದಾಸನಾಗೆಂದು ಕರೆದನಂತೆ. ನಾಯಕರು ಒಪ್ಪಲಿಲ್ಲ. ಕತ್ತಿ ಹಿಡಿದ ಕೈಯಲ್ಲಿ ತಂಬೂರಿ ಹಿಡಿಯುವುದೇ? ಕಪ್ಪಕಾಣಿಕೆ ಪಡೆದವನು ಮನೆಮನೆಯ ಮುಂದೆ ನಿಂತು ಭಿಕ್ಷೆ ಎತ್ತುವುದೇ? ಕರೆ ಮತ್ತೆ ಬಂದಿತು. ಉತ್ತರ ಅದೇ ಆಯಿತು. ಕಡೆಗೊಂದು ಯುದ್ಧದಲ್ಲಿ ದಂಡು ಮುರಿದು, ಮೈತುಂಬ ಗಾಯವಾಗಿ, ಸತ್ತವರ ನಡುವೆ ಬಿದ್ದಿದ್ದಾಗ ಅದೇ ಕರೆ ಕೇಳಿಸಿತು. ಆಗ ಒಪ್ಪಿದರು.

ಇದನ್ನು ಪವಾಡವೆಂದು ನಂಬುವವರು ನಂಬಲಿ, ಮನಸ್ಸಿನ ಒಳಗಿನ ಮಾತೆಂದು ತಿಳಿಯುವವರು ಹಾಗೆಯೇ ತಿಳಿಯಲಿ. ಒಂದು ಮಾತಂತೂ ಸ್ಪಷ್ಟವಾಗಿದೆ. ಈ ಕಥೆಯನ್ನು ತಲೆತಲಾಂತರದಿಂದ ಹೇಳಿಕೊಂಡು ಬಂದ ಜನ ತಮ್ಮ ನಾಯಕನ ಸೋಲನ್ನು ಮುಚ್ಚಿಡಲಿಲ್ಲ; ಅವನ ಹಟವನ್ನೂ ಮುಚ್ಚಿಡಲಿಲ್ಲ. ಗೆಲ್ಲುತ್ತಿರುವವರೆಗೆ ಕಿವಿಗೆ ಬೀಳದ ಮಾತು ಸೋತಾಗ ಬಿತ್ತು ಎಂದು ನೇರವಾಗಿ ಹೇಳಿದರು.

ಕನಕದಾಸರ ಬಾಳಿನಲ್ಲಿ ಜನ ಕೊರತೆಗಳೆಂದು ಎಣಿಸಿದವು ಮೂರು. ಒಂದು ಯುದ್ಧದ ಸೋಲು, ಎರಡು ನಾಯಕತನದ ಅಹಂಕಾರ, ಮೂರು ಕೀಳೆಂದು ಕರೆಸಿಕೊಂಡ ಕುಲ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸೋಲು ಒದಗಿ ಬಂದದ್ದು. ಅಹಂಕಾರ ಅವರ ಸ್ವಂತದ್ದು. ಕುಲದ ಕೀಳುತನವೋ ಅವರಲ್ಲಿದ್ದುದೇ ಅಲ್ಲ. ಅದು ಸಮಾಜ ಅವರ ಬೆನ್ನಿಗೆ ಕಟ್ಟಿದ ಹೊರೆ. ಕನಕದಾಸರ ವಿವೇಕವಿರುವುದು ಈ ಮೂರನ್ನು ಬೇರೆ ಬೇರೆಯಾಗಿ ಕಂಡು, ಬೇರೆ ಬೇರೆ ರೀತಿಯಲ್ಲಿ ಎದುರಿಸಿದುದರಲ್ಲಿ.

ಮೊದಲು ಸೋಲಿನ ಮಾತು. ದಾಸರಾದ ಮೇಲೆ ಅವರು ತಮ್ಮ ಹಿಂದಿನ ಬಾಳನ್ನು ಹರಿದ ಬಟ್ಟೆಯಂತೆ ಎಸೆಯಲಿಲ್ಲ. ಅವರ ‘ಮೋಹನತರಂಗಿಣಿ’ ಸಾಂಗತ್ಯದಲ್ಲಿ ಬರೆದ ದೊಡ್ಡ ಕಾವ್ಯ. ಅದರಲ್ಲಿ ವರ್ಣಿತವಾದ ದ್ವಾರಕೆಯ ಬೀದಿಗಳು, ಅಂಗಡಿಗಳು, ಅರಮನೆ, ಓಲಗ, ಸೇನೆ ಇವುಗಳಲ್ಲಿ ವಿಜಯನಗರದ ಪ್ರತಿಬಿಂಬವನ್ನು ವಿದ್ವಾಂಸರು ಗುರುತಿಸಿದ್ದಾರೆ. ಕೃಷ್ಣನ ಪಟ್ಟಣವನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ಬರೆಯಲು ಅರಸರ ಪಟ್ಟಣವನ್ನು ಬಲ್ಲ ಕಣ್ಣೇ ಬೇಕಾಗಿತ್ತು. ಅಧಿಕಾರ ಹೋಯಿತು, ಅಧಿಕಾರದಲ್ಲಿದ್ದಾಗ ಕಂಡದ್ದು ಉಳಿಯಿತು. ಆ ಉಳಿದುದನ್ನೇ ಬಂಡವಾಳ ಮಾಡಿಕೊಂಡರು.

‘ನಳಚರಿತ್ರೆ’ಗೆ ಅವರು ಆರಿಸಿಕೊಂಡ ಕಥೆಯನ್ನೂ ನೋಡಿರಿ. ನಳಮಹಾರಾಜ ಪಗಡೆಯಲ್ಲಿ ರಾಜ್ಯವನ್ನು ಸೋತವನು. ಕಾಡಿನಲ್ಲಿ ಕಾರ್ಕೋಟಕ ಕಚ್ಚಿ ಕುರೂಪಿಯಾದನು. ಆ ಕುರೂಪವೇ ಅವನಿಗೆ ಮರೆಯಾಯಿತು. ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಮನೆಯಲ್ಲಿ ಸಾರಥಿಯಾಗಿ ನಿಂತನು. ಅಲ್ಲಿ ಕುದುರೆಯ ವಿದ್ಯೆಯನ್ನು ಕೊಟ್ಟು ಪಗಡೆಯ ಮರ್ಮವನ್ನು ಕಲಿತನು ಎನ್ನುತ್ತದೆ ಭಾರತದ ಕಥೆ. ಯಾವ ಆಟದಲ್ಲಿ ಸೋತಿದ್ದನೋ ಅದೇ ಆಟದಲ್ಲಿ ಗೆದ್ದು ರಾಜ್ಯವನ್ನು ಮರಳಿ ಪಡೆದನು. ತಾನೂ ರಾಜ್ಯಭೋಗ ಕಂಡು ಕಳೆದುಕೊಂಡ ಕವಿಗೆ ಈ ಕಥೆ ಎಷ್ಟು ಹತ್ತಿರದ್ದಾಗಿ ಕಂಡಿರಬೇಕು!

ಎರಡನೆಯದು ಅಹಂಕಾರ. ಇದು ಸೋಲಿಗಿಂತ ಗಟ್ಟಿಯಾದ ರೋಗ. ಸೋತವರಲ್ಲಿಯೂ ಅಹಂಕಾರ ಉಳಿದಿರಬಹುದು. ಕನಕದಾಸರ ಗುರುಗಳು ವ್ಯಾಸರಾಯರು. ವಿಜಯನಗರದಲ್ಲಿ ರಾಜಮನ್ನಣೆ ಪಡೆದು 1539ರಲ್ಲಿ ದೇಹವಿಟ್ಟ ಮಹಾವಿದ್ವಾಂಸರು. ಅವರ ಸಭೆಯಲ್ಲಿ ಒಮ್ಮೆ, ಇಲ್ಲಿರುವವರಲ್ಲಿ ಯಾರು ಮೋಕ್ಷಕ್ಕೆ ಹೋಗುವರೆಂಬ ಪ್ರಶ್ನೆ ಎದ್ದಿತಂತೆ. ಕನಕದಾಸರು ಒಬ್ಬೊಬ್ಬರನ್ನೂ ಅಲ್ಲಗಳೆಯುತ್ತ ಬಂದು, ಕಡೆಗೆ ‘ನಾನು’ ಎಂಬುದು ಹೋದರೆ ತಾವು ಹೋಗಬಹುದೆಂದರಂತೆ. ಮೊದಲು ಕೇಳಿದವರಿಗೆ ಅದು ಜಂಬದ ಮಾತಾಗಿ ತೋರಿತು. ಅರ್ಥ ಬಿಡಿಸಿದಾಗ ಎಲ್ಲರೂ ತಲೆದೂಗಿದರು. ‘ನಾನು’ ಎಂಬುದರ ಭಾರವನ್ನು ಹೊತ್ತು ಬಲ್ಲವರಿಗೆ ಮಾತ್ರ ಹೊಳೆಯುವ ಉತ್ತರವಿದು. ಕುರುಡ ದಾರಿ ತೋರಲಾರನೇನೋ, ಆದರೆ ಎಡವಿ ಬಿದ್ದವನು ಕಲ್ಲು ಎಲ್ಲಿದೆಯೆಂದು ಖಚಿತವಾಗಿ ಹೇಳಬಲ್ಲನು.

ಮೂರನೆಯದು ಕುಲದ ಪ್ರಶ್ನೆ. ಉಡುಪಿಯ ಕೃಷ್ಣನ ಗುಡಿಯೊಳಗೆ ಅವರಿಗೆ ಪ್ರವೇಶ ದೊರೆಯಲಿಲ್ಲವೆಂದೂ, ಹಿಂದೆ ನಿಂತು ಹಾಡಿದಾಗ ಗೋಡೆ ಬಿರಿದು ದೇವರು ಅತ್ತ ತಿರುಗಿದನೆಂದೂ ಪ್ರತೀತಿ. ಇಂದಿಗೂ ಆ ಸ್ಥಳಕ್ಕೆ ಕನಕನ ಕಿಂಡಿಯೆಂದೇ ಹೆಸರು. ಇಲ್ಲಿ ಎಚ್ಚರದಿಂದ ಮಾತನಾಡಬೇಕು. ಹೊರಗೆ ನಿಲ್ಲಿಸಿದುದರಿಂದಲೇ ಅವರು ದೊಡ್ಡವರಾದರು ಎಂದುಬಿಟ್ಟರೆ ಹೊರಗೆ ನಿಲ್ಲಿಸಿದವರಿಗೆ ಪುಣ್ಯ ಕಟ್ಟಿಕೊಟ್ಟಂತಾಗುತ್ತದೆ. ಅನ್ಯಾಯ ಅನ್ಯಾಯವೇ. ತನ್ನ ದೌರ್ಬಲ್ಯವನ್ನು ತಿದ್ದಿಕೊಳ್ಳುವುದು ಮನುಷ್ಯನ ಕೆಲಸ. ಇತರರು ಹೊರಿಸಿದ ಅವಮಾನವನ್ನು ತನ್ನ ದೌರ್ಬಲ್ಯವೆಂದು ಒಪ್ಪಿಕೊಳ್ಳುವುದು ಅವನ ಕೆಲಸವಲ್ಲ. ಕನಕದಾಸರು ಒಪ್ಪಿಕೊಳ್ಳಲಿಲ್ಲ. ಕೀರ್ತನೆಗಳಲ್ಲಿ ಕುಲದ ಹಮ್ಮನ್ನು ನೇರವಾಗಿ ಪ್ರಶ್ನಿಸಿದರು. ‘ರಾಮಧಾನ್ಯಚರಿತೆ’ಯಲ್ಲಿ ಅದೇ ಪ್ರಶ್ನೆಯನ್ನು ಕಥೆಯಾಗಿ ಹೇಳಿದರು.

ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಂಥದು ನಮ್ಮ ಸಾಹಿತ್ಯದಲ್ಲಿ ಇನ್ನೊಂದಿಲ್ಲವೆನ್ನಬೇಕು. ಲಂಕೆಯಿಂದ ಹಿಂದಿರುಗುವ ಶ್ರೀರಾಮನಿಗೆ ಋಷಿಗಳ ಆಶ್ರಮದಲ್ಲಿ ಬಗೆಬಗೆಯ ಧಾನ್ಯದ ಅಡಿಗೆಗಳ ಸತ್ಕಾರ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಬಂದಾಗ ಗೌತಮರು ನರೆದಲೆಗನನ್ನು, ಎಂದರೆ ರಾಗಿಯನ್ನು, ಎತ್ತಿ ಹಿಡಿದರು. ಬತ್ತಕ್ಕೆ ಸಿಟ್ಟು ಬಂದಿತು. ದೇವರ ನೈವೇದ್ಯಕ್ಕೂ ಮಂತ್ರಾಕ್ಷತೆಗೂ ಒದಗುವ ತನ್ನೆದುರಿಗೆ ಈ ಕರಿಯ ಕಾಳು ಎಷ್ಟರದೆಂದು ಹೀಯಾಳಿಸಿತು. ರಾಗಿಯೂ ಸುಮ್ಮನಿರಲಿಲ್ಲ, ಮಳೆ ಕೈಕೊಟ್ಟ ವರ್ಷ ಬಡವರ ಪ್ರಾಣ ಉಳಿಸುವವರು ಯಾರೆಂದು ಮರುಪ್ರಶ್ನೆ ಹಾಕಿತು. ರಾಮನು ಅಲ್ಲಿಯೇ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಅವಧಿ ಮುಗಿದು ಹೊರಗೆ ತಂದಾಗ ಬತ್ತ ಸತ್ವಗುಂದಿತ್ತು. ರಾಗಿ ಇದ್ದಂತೆಯೇ ಇತ್ತು. ಮೆಚ್ಚಿದ ರಾಮನು ರಾಗಿಗೆ ತನ್ನ ರಾಘವನೆಂಬ ಹೆಸರನ್ನೇ ಕೊಟ್ಟನು.

ಕವಿಯ ಜಾಣ್ಮೆಯನ್ನು ಗಮನಿಸಿರಿ. ರಾಗಿಯನ್ನು ಅವರು ಬಿಳಿಯದಾಗಿಸಲಿಲ್ಲ. ಅದೂ ಅಕ್ಕಿಯಂತೆ ನಯವಾದುದೆಂದು ವಾದಿಸಲಿಲ್ಲ. ಅಳೆಯುವ ಕೋಲನ್ನೇ ಬದಲಾಯಿಸಿದರು. ಬಣ್ಣದಿಂದ ಅಳೆದರೆ ಒಂದು ಉತ್ತರ, ಬಾಳಿಕೆಯಿಂದ ಅಳೆದರೆ ಇನ್ನೊಂದು. ಇದು ಕವಿಯ ಕಲ್ಪನೆ ಮಾತ್ರವಲ್ಲ, ರೈತರ ಅನುಭವ. ಕಡಿಮೆ ಮಳೆಯಲ್ಲಿ ಬೆಳೆದು, ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವ ಕಾಳು ರಾಗಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆಯೆಂದು ಆಹಾರಶಾಸ್ತ್ರ ಹೇಳುತ್ತದೆ. ಅಕ್ಕಿಯಲ್ಲಿ ಅದು ತೀರ ಅಲ್ಪ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಕನಕದಾಸರ ರಾಮ ಆರು ತಿಂಗಳಲ್ಲಿ ಕೊಟ್ಟ ತೀರ್ಪನ್ನು ಲೋಕ ಕೊಡಲು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ಮನೆಗಳಲ್ಲಿಯೂ ಇಂಥ ತೀರ್ಪುಗಳು ದಿನವೂ ನಡೆಯುತ್ತವೆ. ಒಬ್ಬ ಹುಡುಗ ಬೇಗ ಉತ್ತರ ಹೇಳುವುದಿಲ್ಲ, ಮಂದಬುದ್ಧಿಯೆಂದು ಬಿಡುತ್ತೇವೆ. ಒಬ್ಬ ಹುಡುಗಿ ಹೆಚ್ಚು ಮಾತನಾಡುವುದಿಲ್ಲ, ಕೈಲಾಗದವಳೆನ್ನುತ್ತೇವೆ. ನಿಧಾನದ ಹಿಂದೆ ಆಳವಿರಬಹುದು, ಮೌನದ ಹಿಂದೆ ಗಮನವಿರಬಹುದು. ಹಾಗೆಂದು ಎಲ್ಲ ದೌರ್ಬಲ್ಯವೂ ತಾನಾಗಿಯೇ ಶಕ್ತಿಯಾದೀತೆಂದು ಕೈಕಟ್ಟಿ ಕೂರುವಂತಿಲ್ಲ. ತಿದ್ದಿಕೊಳ್ಳಬೇಕಾದುದು ಯಾವುದು, ಬಳಸಿಕೊಳ್ಳಬೇಕಾದುದು ಯಾವುದು, ತಲೆಯೆತ್ತಿ ನಿರಾಕರಿಸಬೇಕಾದುದು ಯಾವುದು ಎಂಬ ವಿವೇಚನೆ ಬೇಕು. ಅದಕ್ಕೆ ತಾಳ್ಮೆಯೂ ಬೇಕು. ರಾಮನೇ ಆರು ತಿಂಗಳು ಕಾದನು.

ಕಡೆಯಲ್ಲಿ ಕಾಗಿನೆಲೆಗೆ ಹಿಂದಿರುಗೋಣ. ಆದಿಕೇಶವನ ಗುಡಿ, ಲಕ್ಷ್ಮೀನರಸಿಂಹನ ಗುಡಿ, ದಾಸರ ಗದ್ದುಗೆ ಇವೆಲ್ಲ ಅಲ್ಲಿವೆ. ಬಾಡದಲ್ಲಿದ್ದ ಆದಿಕೇಶವನನ್ನು ದಾಸರೇ ಇಲ್ಲಿಗೆ ತಂದು ನೆಲೆಗೊಳಿಸಿದರೆಂದು ಹೇಳುತ್ತಾರೆ. ಅವರ ಕೀರ್ತನೆಗಳು ಮುಗಿಯುವುದು ಕಾಗಿನೆಲೆಯ ಆದಿಕೇಶವನೆಂಬ ಅಂಕಿತದಿಂದ. ಒಂದು ಕಾಲಕ್ಕೆ ತನ್ನ ನಾಯಕತನವನ್ನು ಬಿಡಲೊಲ್ಲದೆ ದೇವರ ಕರೆಯನ್ನೇ ತಳ್ಳಿಹಾಕಿದ ಮನುಷ್ಯ, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಡಲಿಲ್ಲ. ದೇವರ ಹೆಸರನ್ನೂ ಊರಿನ ಹೆಸರನ್ನೂ ಇಟ್ಟರು. ಆ ಸೀಮೆಯಲ್ಲಿ ಕತ್ತಿ ಹಿಡಿದು ಗೆದ್ದವರು ಎಷ್ಟೋ ಮಂದಿ ಇದ್ದಿರಬೇಕು. ಇಂದು ಆ ಊರಿನ ಹೆಸರು ನಾಡಿನ ಬಾಯಲ್ಲಿ ನಿಂತಿರುವುದು ಸೋತು ಬಂದವರೊಬ್ಬರ ಹಾಡಿನಿಂದ.