ಝುಬೈರ್(ರ)ರ ವಸಿಯ್ಯತ್ ಮತ್ತು ನಾಲ್ಕು ಹಜ್ಜ್‌ಗಳ ಘೋಷಣೆ

ನಮ್ಮ ಊರುಗಳಲ್ಲಿ ಜನಾಝ ನಮಾಝ್‌ಗೆ ಸಫ್ ಕಟ್ಟಿದಾಗ ಮೃತರ ಮಗನೋ ಸಹೋದರನೋ ಮುಂದೆ ಬಂದು, ಇವರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ನಮಗೆ ತಿಳಿಸಿರಿ ಎಂದು ಹೇಳುವುದುಂಟು. ಅರ್ಧ ನಿಮಿಷದ ಮಾತು. ಬಳಿಕ ಎಷ್ಟು ಮನೆಗಳಲ್ಲಿ ಆ ಲೆಕ್ಕ ನಿಜಕ್ಕೂ ಚುಕ್ತಾ ಆಗುತ್ತದೆ ಎಂಬುದನ್ನು ನಾವೇ ಬಲ್ಲೆವು. ಇದೇ ಮಾತನ್ನು ನಾಲ್ಕು ವರ್ಷ ಸಾರಿದ ಪುತ್ರರೊಬ್ಬರ ವೃತ್ತಾಂತ ಸಹೀಹ್ ಬುಖಾರಿಯಲ್ಲಿದೆ.

ಹಿಜರಿ 36, ಅಂದರೆ ಕ್ರಿ.ಶ. 656. ಬಸ್ರಾದ ಬಳಿ ಜಮಲ್ ಯುದ್ಧದ ದಿನ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಓರ್ವರಾದ ಝುಬೈರ್ ಬಿನ್ ಅವ್ವಾಮ್(ರ) ತಮ್ಮ ಪುತ್ರ ಅಬ್ದುಲ್ಲಾ(ರ)ರನ್ನು ಕರೆದರು. ಅಂದು ತಾವು ಅನ್ಯಾಯವಾಗಿ ವಧಿಸಲ್ಪಡುವೆವೆಂದು ಅವರಿಗೆ ಅನಿಸಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದುದು ಸಾಲದ ಚಿಂತೆ. ಸಾಲ ತೀರಿದ ಮೇಲೆ ನಮ್ಮ ಸೊತ್ತಿನಲ್ಲಿ ಏನಾದರೂ ಉಳಿದೀತೇ ಎಂದು ಮಗನನ್ನೇ ಕೇಳಿದರು. ಸೊತ್ತು ಮಾರಿ ಸಾಲ ತೀರಿಸಬೇಕು, ಉಳಿದುದರಲ್ಲಿ ಮೂರನೇ ಒಂದಂಶ ವಸಿಯ್ಯತ್, ಆ ಅಂಶದಲ್ಲಿ ಮತ್ತೆ ಮೂರನೇ ಒಂದು ಪಾಲು ಅಬ್ದುಲ್ಲಾರ ಮಕ್ಕಳಿಗೆ ಎಂದು ಆದೇಶಿಸಿದರು. ನಿಮ್ಮಿಂದಾಗದಿದ್ದರೆ ನನ್ನ ಮೌಲಾನ ನೆರವು ಬೇಡಿರಿ ಎಂದೂ ಹೇಳಿದರು. ಯಾವ ಮೌಲಾ ಎಂದು ಮಗನಿಗೆ ತಿಳಿಯಲಿಲ್ಲ. ಅಲ್ಲಾಹ್ ಎಂದು ಉತ್ತರ ಬಂತು.

ಈ ವಸಿಯ್ಯತ್‌ನಲ್ಲಿ ಶರೀಅತ್‌ನ ಮೂರು ಎಳೆಗಳು ಒಟ್ಟಿಗೆ ಸೇರಿವೆ. ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ವಸಿಯ್ಯತ್ ಮತ್ತು ಸಾಲದ ಬಳಿಕವೇ ವಾರೀಸು ಪಾಲನ್ನು ನಿಲ್ಲಿಸುತ್ತವೆ. ಸೂಕ್ತದಲ್ಲಿ ವಸಿಯ್ಯತ್‌ನ ಉಲ್ಲೇಖ ಮೊದಲು ಬಂದರೂ ಪಾವತಿಯಲ್ಲಿ ಸಾಲವೇ ಮೊದಲು. ಮೂರನೇ ಒಂದಂಶದ ಮಿತಿ ಸಅದ್ ಬಿನ್ ಅಬೀ ವಕ್ಕಾಸ್(ರ)ರ ಪ್ರಸಂಗದಿಂದ ಬಂದುದು. ರೋಗಶಯ್ಯೆಯಲ್ಲಿದ್ದ ಅವರು ಹೆಚ್ಚು ದಾನ ಮಾಡಬಯಸಿದಾಗ ಪ್ರವಾದಿವರ್ಯರು(ಸ) ಅಷ್ಟಕ್ಕೇ ತಡೆದರು, ಅದೂ ಅಧಿಕವೇ ಎಂದರು. ಇನ್ನು ಮೊಮ್ಮಕ್ಕಳು: ಗಂಡುಮಕ್ಕಳು ಬದುಕಿರುವಾಗ ಅವರಿಗೆ ವಾರೀಸು ಹಕ್ಕಿಲ್ಲ. ಆದ್ದರಿಂದಲೇ ಅವರಿಗೆ ವಸಿಯ್ಯತ್ ಸಲ್ಲುತ್ತದೆ. ತಂದೆಯನ್ನು ಕಳೆದುಕೊಂಡ ಮೊಮ್ಮಕ್ಕಳಿಗೆ ಅಜ್ಜನ ಸೊತ್ತಿನಲ್ಲಿ ಏನೂ ಇಲ್ಲವೇ ಎಂದು ನಮ್ಮಲ್ಲಿ ಕೇಳುವವರು ಈ ಬಾಗಿಲನ್ನು ಗಮನಿಸುವುದೇ ಇಲ್ಲ.

ಝುಬೈರ್(ರ) ದುಂದುಗಾರರಾಗಿರಲಿಲ್ಲ. ಜನರು ಹಣವನ್ನು ಅಮಾನತ್ತಾಗಿ ಇಡಲು ಬಂದರೆ, ಕಳೆದುಹೋದೀತೆಂಬ ಭಯದಿಂದ ಅದನ್ನು ಸಾಲವಾಗಿ ಪಡೆಯುತ್ತಿದ್ದರು. ಅಮಾನತ್ತು ನಿರ್ಲಕ್ಷ್ಯವಿಲ್ಲದೆ ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ, ಸಾಲವನ್ನಾದರೋ ತೀರಿಸಲೇಬೇಕು. ಹೀಗೆ ಸೇರಿದ ಮೊತ್ತ 22 ಲಕ್ಷ ದಿರ್ಹಮ್. ಅವರು ನಗದು ಬಿಟ್ಟುಹೋಗಿರಲಿಲ್ಲ. ಇದ್ದುದು ಗಾಬಾ ಸೇರಿದಂತೆ ಕೆಲವು ಭೂಮಿ, ಮದೀನಾದಲ್ಲಿ 11 ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ಟ್‌ಗಳಲ್ಲಿ ಒಂದೊಂದು.

ಸಾಲವೆಷ್ಟೆಂದು ಹಕೀಮ್ ಬಿನ್ ಹಿಝಾಮ್(ರ) ವಿಚಾರಿಸಿದಾಗ ಅಬ್ದುಲ್ಲಾ(ರ) ಒಂದು ಲಕ್ಷ ಎಂದರು. ಅಷ್ಟಕ್ಕೇ ಹಕೀಮ್(ರ) ನಿಮ್ಮ ಸೊತ್ತು ಸಾಲದೆಂದು ಚಿಂತಿತರಾದರು. ತಂದೆ 1 ಲಕ್ಷ 70 ಸಾವಿರಕ್ಕೆ ಕೊಂಡಿದ್ದ ಗಾಬಾ ಭೂಮಿ ಮಗನ ಕೈಯಲ್ಲಿ 16 ಲಕ್ಷಕ್ಕೆ ಮಾರಾಟವಾಯಿತು. 4 ಲಕ್ಷ ಬರಬೇಕಿದ್ದ ಅಬ್ದುಲ್ಲಾ ಬಿನ್ ಜಅಫರ್(ರ) ಬೇಕಿದ್ದರೆ ಬಿಟ್ಟುಬಿಡುವೆನೆಂದರು, ಇಲ್ಲವೇ ಕೊನೆಗೆ ಕೊಡಿರೆಂದರು. ಅಬ್ದುಲ್ಲಾ(ರ) ಎರಡನ್ನೂ ಒಪ್ಪದೆ ಆ ಭೂಮಿಯಲ್ಲೇ ಅವರ ಪಾಲನ್ನು ಗುರುತಿಸಿ ಕೊಟ್ಟರು. ಕಷ್ಟ ಎದುರಾದಾಗಲೆಲ್ಲ ಝುಬೈರರ ಮೌಲಾನನ್ನೇ ಕರೆದು ಬೇಡುತ್ತಿದ್ದೆ ಎಂದು ಅವರು ಸ್ಮರಿಸಿದ್ದಾರೆ.

ಸಾಲ ತೀರಿತು. ಒಡಹುಟ್ಟಿದವರು ಪಾಲು ಕೇಳಿದರು, ಅದು ಅವರ ಹಕ್ಕೂ ಆಗಿತ್ತು. ಆದರೆ ಸಾಲಗಾರರು ಎಲ್ಲೆಲ್ಲಿ ಚದುರಿದ್ದಾರೋ! ನಾಲ್ಕು ಹಜ್ಜ್‌ಗಳಲ್ಲಿ ಘೋಷಿಸದೆ ಹಂಚುವುದಿಲ್ಲವೆಂದು ಅಬ್ದುಲ್ಲಾ(ರ) ಆಣೆಯಿಟ್ಟರು, ಪ್ರತಿ ವರ್ಷವೂ ಹಜ್ಜ್‌ನ ಜನಸ್ತೋಮದಲ್ಲಿ ಸಾರಿದರು. ಆ ಬಳಿಕವೇ ವಸಿಯ್ಯತ್‌ನ ಅಂಶ ತೆಗೆದಿಟ್ಟು ಪಾಲು ಮಾಡಿದರು. ನಾಲ್ವರು ಪತ್ನಿಯರಿಗೆ ಎಂಟನೇ ಒಂದಂಶ ಸಂದು, ತಲಾ 12 ಲಕ್ಷ ದೊರೆಯಿತು.

ವರದಿಯಲ್ಲಿ ಒಟ್ಟು ಸೊತ್ತು 5 ಕೋಟಿ 2 ಲಕ್ಷ ಎಂದಿದೆ. ಪತ್ನಿಯರ ಪಾಲಿನಿಂದ ಹಿಂದಕ್ಕೆ ಗುಣಿಸಿ ಸಾಲವನ್ನೂ ಕೂಡಿಸಿದರೆ 5 ಕೋಟಿ 98 ಲಕ್ಷವಾಗುತ್ತದೆ. ವ್ಯಾಖ್ಯಾನಕಾರರು ಈ ವ್ಯತ್ಯಾಸದ ಬಗ್ಗೆ ದೀರ್ಘವಾಗಿ ಚರ್ಚಿಸಿದ್ದಾರೆ. ಮೊದಲನೆಯದು ಮರಣದ ದಿನದ ಬೆಲೆ, ಹೆಚ್ಚುವರಿ 96 ಲಕ್ಷ ಆ ನಾಲ್ಕು ವರ್ಷಗಳಲ್ಲಿ ಸೊತ್ತಿನಲ್ಲಾದ ವೃದ್ಧಿ ಎಂಬುದು ಅವರಲ್ಲಿ ಕೆಲವರ ಅಭಿಪ್ರಾಯ.