ಮಲೇರಿಯಾ ಪರೋಪಜೀವಿಯ ಲಿಪಿಡ್ ಚಯಾಪಚಯ: ಅಧ್ಯಯನದ ಇತಿಹಾಸ

ಕೊಬ್ಬು ಹಾಗೂ ಕೋಶಪೊರೆಗಳನ್ನು ಕಟ್ಟುವ ಕೊಬ್ಬಿನಂಥ ಪದಾರ್ಥಗಳಿಗೆ ಒಟ್ಟಾಗಿ ಲಿಪಿಡ್ ಎಂದು ಹೆಸರು. ಮಲೇರಿಯಾ ತರುವ ಏಕಕೋಶ ಜೀವಿಯಾದ ಪ್ಲಾಸ್ಮೋಡಿಯಂ ಇವನ್ನು ಎಲ್ಲಿಂದ ಪಡೆಯುತ್ತದೆ, ಎಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಈ ಅಧ್ಯಯನದ ಮೂಲಪ್ರಶ್ನೆ. ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂ ಒಂದು ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆಗಳಲ್ಲಿ 16ರಿಂದ 32 ಮರಿಗಳಾಗಿ ಒಡೆಯುತ್ತದೆ. ಪ್ರತಿ ಮರಿಗೂ ಹೊಸ ಪೊರೆ ಬೇಕು, ಆದರೆ ಬಲಿತ ರಕ್ತಕಣಕ್ಕೆ ಲಿಪಿಡ್‌ಗಳನ್ನು ಹೊಸದಾಗಿ ತಯಾರಿಸುವ ಶಕ್ತಿಯಿಲ್ಲ.

1976ರಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಈ ಜೀವಿಯನ್ನು ಮಾನವ ರಕ್ತದಲ್ಲಿ ನಿರಂತರವಾಗಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಇಂಥ ಪ್ರಶ್ನೆಗಳನ್ನು ಪ್ರಯೋಗಾಲಯದಲ್ಲಿ ಸುಲಭವಾಗಿ ಪರೀಕ್ಷಿಸಲು ಸಾಧ್ಯವಾಯಿತು. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಆನ್ರಿ ವಿಯಾಲ್ ಅವರ ತಂಡವು, ಪರೋಪಜೀವಿಯು ರಕ್ತದಿಂದ ಕೋಲೀನ್ ಎಂಬ ಅಣುವನ್ನು ಹೀರಿ ತನ್ನ ಪೊರೆಯ ಮುಖ್ಯ ಲಿಪಿಡ್ ಆದ ಫಾಸ್ಫಟಿಡೈಲ್‌ಕೋಲೀನನ್ನು ತಯಾರಿಸುವ ಬಗೆಯನ್ನು ಪರಿಶೀಲಿಸಿ, ಕೋಲೀನನ್ನು ಹೋಲುವ ಸಂಯುಕ್ತಗಳಿಂದ ಈ ದಾರಿಯನ್ನು ತಡೆಯಲು ಯತ್ನಿಸಿತು.

1990ರ ದಶಕದಲ್ಲಿ ಅಧ್ಯಯನದ ದಿಕ್ಕು ಬದಲಾಯಿತು. ಪರೋಪಜೀವಿಯೊಳಗೆ ನಾಲ್ಕು ಪೊರೆಗಳ ಒಂದು ಅಂಗಕವಿದ್ದು, ಅದು ಬಹು ಹಿಂದೆ ಕೋಶದೊಳಗೆ ಸೇರಿಕೊಂಡ ಪಾಚಿಯ ಉಳಿಕೆ ಎಂದು ಗೊತ್ತಾಯಿತು. ಏಪಿಕೋಪ್ಲಾಸ್ಟ್ ಎನ್ನುವ ಈ ಅಂಗಕದಲ್ಲಿ ಕೊಬ್ಬಿನಾಮ್ಲ ತಯಾರಿಕೆಯ ಕಿಣ್ವಗಳು ಇವೆಯೆಂಬುದನ್ನು 1998ರಲ್ಲಿ ಜೆಫ್ ಮ್ಯಾಕ್‌ಫ್ಯಾಡನ್ ಮತ್ತು ಸಂಗಡಿಗರು ತೋರಿಸಿದರು. ಮನುಷ್ಯನಲ್ಲಿ ಈ ಕೆಲಸವನ್ನು ಒಂದೇ ದೊಡ್ಡ ಪ್ರೋಟೀನು ನಡೆಸಿದರೆ, ಇಲ್ಲಿ ಬ್ಯಾಕ್ಟೀರಿಯಾಗಳಲ್ಲಿರುವಂತೆ ಬೇರೆ ಬೇರೆ ಕಿಣ್ವಗಳು ನಡೆಸುತ್ತವೆ. ರೋಗಿಗೆ ಹಾನಿಯಾಗದಂತೆ ರೋಗಾಣುವನ್ನು ಕೊಲ್ಲಬಹುದೆಂಬ ಭರವಸೆ ಹುಟ್ಟಿದ್ದು ಈ ವ್ಯತ್ಯಾಸದಿಂದಲೇ.

2001ರಲ್ಲಿ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಸಾಬೂನು ಹಾಗೂ ಟೂತ್‌ಪೇಸ್ಟುಗಳಲ್ಲಿ ಬಳಕೆಯಲ್ಲಿದ್ದ ಟ್ರೈಕ್ಲೋಸಾನ್ ಕೊಬ್ಬಿನಾಮ್ಲ ತಯಾರಿಕೆಯ ಈ ಸರಣಿಯ ಎನಾಯ್ಲ್ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆಂದೂ, ಮಲೇರಿಯಾ ಸೋಂಕಿದ ಇಲಿಗಳನ್ನು ಕಾಪಾಡುತ್ತದೆಂದೂ ವರದಿ ಮಾಡಿದರು. ಆದರೆ 2008ರ ಪ್ರಯೋಗಗಳಲ್ಲಿ ಆ ಕಿಣ್ವದ ಜೀನನ್ನೇ ತೆಗೆದುಹಾಕಿದ ಪರೋಪಜೀವಿಗಳೂ ರಕ್ತದಲ್ಲಿ ಬೆಳೆದವು, ಟ್ರೈಕ್ಲೋಸಾನ್ ಅವುಗಳನ್ನೂ ಕೊಂದಿತು. ಅಂದರೆ ಔಷಧ ತಾಗುತ್ತಿದ್ದುದು ಬೇರೆ ಕಡೆ. ಇಲಿ ಮಲೇರಿಯಾದ ಜೀವಿಗೆ ಈ ಸರಣಿ ಯಕೃತ್ತಿನಲ್ಲಿ ಬೆಳೆಯುವ ಹಂತದ ಕೊನೆಯಲ್ಲಿ ಅನಿವಾರ್ಯವೆಂದೂ ಅವೇ ಪ್ರಯೋಗಗಳಿಂದ ತಿಳಿಯಿತು. ಒಂದೇ ಜೀವಿ ಒಂದೊಂದು ಹಂತದಲ್ಲಿ ಒಂದೊಂದು ಬಗೆಯಾಗಿ ಬದುಕುತ್ತದೆಂಬ ಈ ಅರಿವು, ಕೈತಪ್ಪಿದ ಔಷಧಗುರಿಗಿಂತ ಹೆಚ್ಚು ಬೆಲೆಯದು. ರಕ್ತದ ಹಂತದಲ್ಲಿ ಏಪಿಕೋಪ್ಲಾಸ್ಟ್ ಅಗತ್ಯವಾಗಿರುವುದು ಮುಖ್ಯವಾಗಿ ಐಸೊಪ್ರೆನಾಯ್ಡ್ ಎಂಬ ಮತ್ತೊಂದು ಲಿಪಿಡ್ ವರ್ಗದ ಮೂಲದ್ರವ್ಯಕ್ಕಾಗಿ ಎಂದು ಎಲ್ಲೆನ್ ಯೆ ಮತ್ತು ಜೋಸೆಫ್ ಡೆರಿಸಿ 2011ರಲ್ಲಿ ತೋರಿಸಿದರು.

ರಕ್ತದ್ರವದಲ್ಲಿ ಲೈಸೊಫಾಸ್ಫಟಿಡೈಲ್‌ಕೋಲೀನ್ ಎಂಬ ಲಿಪಿಡ್ ಕಡಿಮೆಯಾದಾಗ ಫಾಲ್ಸಿಪ್ಯಾರಂ ಜೀವಿಗಳು ಸೊಳ್ಳೆಗೆ ದಾಟಬಲ್ಲ ಲೈಂಗಿಕ ರೂಪದತ್ತ ತಿರುಗುತ್ತವೆಂಬ 2017ರ ಶೋಧದಿಂದ, ಲಿಪಿಡ್ ಈ ಜೀವಿಗೆ ಆಹಾರವಾಗಿರುವುದರ ಜೊತೆಗೆ ರೋಗ ಹರಡುವಿಕೆಯನ್ನು ನಿರ್ಧರಿಸುವ ಸೂಚನೆಯೂ ಹೌದೆಂದು ಸ್ಥಾಪಿತವಾಯಿತು.